ಛಾಂಗು ಸರೋವರಕ್ಕೆ ಒಂದು ಹಗಲು: ಲೆಕ್ಕಕ್ಕೆ ಬಾರದ ಖರ್ಚುಗಳು

ಮಾರ್ಚ್ ಅಂತ್ಯದ ಲೆಕ್ಕಪತ್ರಗಳು ಮುಗಿದು ವಾರ್ಷಿಕ ಮಾರಾಟದ ಅಂಕಿ-ಅಂಶಗಳು ಕೈಸೇರಿದ ಕೂಡಲೇ, ಪಂಪ್‌ಸೆಟ್ಟಿನಿಂದ ಹಿಡಿದು ಬಣ್ಣ, ಕೀಟನಾಶಕ, ಪ್ಲಾಸ್ಟಿಕ್ ಪೈಪುಗಳವರೆಗಿನ ತಯಾರಕರ ಕಚೇರಿಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ಗುರಿ ಮುಟ್ಟಿದ ಡೀಲರುಗಳನ್ನು ಈ ಬಾರಿ ಎಲ್ಲಿಗೆ ಕರೆದೊಯ್ಯಬೇಕು? ಗೋವೆ ಹಳೆಯದಾಯಿತು, ಬ್ಯಾಂಕಾಕ್ ಎಂದರೆ ಮನೆಯವರು ಹುಬ್ಬೇರಿಸುತ್ತಾರೆ, ಊಟಿ, ಕೊಡೈಕನಾಲ್‌ಗಳಿಗೆ ಡೀಲರುಗಳು ತಮ್ಮ ಖರ್ಚಿನಲ್ಲಿಯೇ ಹೋಗಿ ಬಂದಿರುತ್ತಾರೆ. ಹೀಗೆ ಒಂದೊಂದೇ ಹೆಸರು ಕೈಬಿಟ್ಟು ಹೋದಂತೆ ಕೊನೆಗೆ ಉಳಿಯುವ ಕೆಲವೇ ಹೆಸರುಗಳಲ್ಲಿ ಸಿಕ್ಕಿಂನ ರಾಜಧಾನಿ ಗ್ಯಾಂಗ್‌ಟಾಕ್ ಒಂದು. ಗ್ಯಾಂಗ್‌ಟಾಕ್ ಎಂದ ಮೇಲೆ ಅಲ್ಲಿಂದ ಒಂದೇ ಹಗಲಿನಲ್ಲಿ ಹೋಗಿ ಬರಬಹುದಾದ ಛಾಂಗು ಸರೋವರ ಕಾರ್ಯಕ್ರಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಸ್ಥಳೀಯರು ಅದನ್ನು ತ್ಸೋಮ್ಗೋ ಎನ್ನುತ್ತಾರೆ. ಭೂತಿಯಾ ಭಾಷೆಯಲ್ಲಿ ‘ತ್ಸೋ’ ಎಂದರೆ ಸರೋವರ, ‘ಮ್ಗೋ’ ಎಂದರೆ ತಲೆ ಅಥವಾ ಮೂಲ.

ಪ್ರವಾಸ ಏಜೆಂಟರು ಕಳುಹಿಸುವ ಪಟ್ಟಿಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಮೊದಲ ದಿನ ಬೆಂಗಳೂರಿನಿಂದ ವಿಮಾನದಲ್ಲಿ ಬಾಗ್ಡೋಗ್ರಾ. ಅಲ್ಲಿಂದ ತೀಸ್ತಾ ನದಿಯ ಕಣಿವೆಯಲ್ಲಿ ಸುಮಾರು 125 ಕಿಲೋಮೀಟರು, ನಾಲ್ಕೈದು ತಾಸಿನ ರಸ್ತೆ ಪ್ರಯಾಣ. ರಾತ್ರಿ ಗ್ಯಾಂಗ್‌ಟಾಕ್ ವಾಸ್ತವ್ಯ. ಎರಡನೆಯ ದಿನ ಬೆಳಗಿನ ಉಪಾಹಾರದ ನಂತರ ಛಾಂಗು ಸರೋವರ, ಬಾಬಾ ಮಂದಿರ, ನಾಥು ಲಾ ಕಣಿವೆಮಾರ್ಗ. ಮೂರನೆಯ ದಿನ ನಗರ ದರ್ಶನ. ನಾಲ್ಕನೆಯ ದಿನ ಹಿಂದಿರುಗುವಿಕೆ. ಕಾಗದದ ಮೇಲೆ ಈ ಕಾರ್ಯಕ್ರಮ ಅಚ್ಚುಕಟ್ಟಾಗಿದೆ. ಒಂದು ತಾಸೂ ವ್ಯರ್ಥವಾಗಿಲ್ಲ. ಆದರೆ ಜಮಾ-ಖರ್ಚು ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಾಗಿದೆಯೆಂದು ಅರ್ಥವಲ್ಲ ಎಂಬುದನ್ನು ವರ್ತಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಈ ಪಟ್ಟಿಯ ದೋಷ ಇರುವುದು ಎತ್ತರದ ಲೆಕ್ಕದಲ್ಲಿ. ಬಾಗ್ಡೋಗ್ರಾ ಇರುವುದು ಬಯಲು ಸೀಮೆಯಲ್ಲಿ, ಸಮುದ್ರಮಟ್ಟದಿಂದ ಕೇವಲ ನೂರಿಪ್ಪತ್ತು ಮೀಟರುಗಳಷ್ಟು ಮೇಲೆ. ಗ್ಯಾಂಗ್‌ಟಾಕ್ ಸುಮಾರು 1,650 ಮೀಟರು. ಛಾಂಗು ಸರೋವರ 3,753 ಮೀಟರು, ಅಂದರೆ 12,313 ಅಡಿ. ನಾಥು ಲಾ 4,310 ಮೀಟರು. ಮೊದಲ ದಿನ ಮಧ್ಯಾಹ್ನ ಬಯಲಿನಲ್ಲಿ ವಿಮಾನದಿಂದಿಳಿದ ವ್ಯಕ್ತಿ ಇಪ್ಪತ್ತನಾಲ್ಕು ತಾಸು ತುಂಬುವ ಮೊದಲೇ ನಾಲ್ಕು ಸಾವಿರ ಮೀಟರು ಮೇಲಿರುತ್ತಾನೆ. ಸರೋವರದ ಎತ್ತರದಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರನೆಯ ಎರಡು ಭಾಗಕ್ಕಿಂತಲೂ ತುಸು ಕಡಿಮೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರುಗಳ ಆಸುಪಾಸು ಎಂಬುದನ್ನು ನೆನೆದರೆ, ದಾವಣಗೆರೆಯ ಅಥವಾ ಗದುಗಿನ ಐವತ್ತೈದರ ಡೀಲರನ ದೇಹಕ್ಕೆ ಇದು ಎಂತಹ ಅಪರಿಚಿತ ಪ್ರದೇಶವೆಂಬುದು ತಿಳಿಯುತ್ತದೆ. ಪುರಸ್ಕೃತರಾಗುವ ಡೀಲರುಗಳಲ್ಲಿ ಹೆಚ್ಚಿನವರು ಹಳಬರು, ವಯಸ್ಸಾದವರು, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗುವವರು ಎಂಬುದನ್ನೂ ಸೇರಿಸಿಕೊಳ್ಳಬೇಕು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಲೇಬೇಕು. ಒಂದೇ ಹಗಲಿನಲ್ಲಿ ಏರಿ ಇಳಿಯುವುದು ತಾನೇ ತಪ್ಪಲ್ಲ. ಎತ್ತರದ ಕಾಯಿಲೆಯ ಲಕ್ಷಣಗಳಾದ ತಲೆನೋವು, ವಾಕರಿಕೆ, ತಲೆಸುತ್ತುಗಳು ಸಾಮಾನ್ಯವಾಗಿ ಮೇಲೇರಿದ ಆರರಿಂದ ಹನ್ನೆರಡು ತಾಸುಗಳ ನಂತರ ಕಾಣಿಸಿಕೊಳ್ಳುತ್ತವೆ. ಅಲ್ಲಿಯೇ ಮಲಗಿದರೆ ಉಲ್ಬಣಿಸುತ್ತವೆ. ಮಧ್ಯಾಹ್ನ ಮೂರರೊಳಗೆ ಕೆಳಗಿಳಿಯುವ ಪ್ರವಾಸಿ ಈ ಅಪಾಯದಿಂದ ಬಹುಪಾಲು ಪಾರಾಗುತ್ತಾನೆ. ಹಗಲು ಎತ್ತರಕ್ಕೆ ಏರಿ ರಾತ್ರಿ ತಗ್ಗಿನಲ್ಲಿ ಮಲಗಬೇಕೆಂಬುದು ಪರ್ವತಾರೋಹಿಗಳೇ ಪಾಲಿಸುವ ಕ್ರಮ. ಆದುದರಿಂದ ಆಕ್ಷೇಪಣೆ ಇರುವುದು ಒಂದು ದಿನದ ಪ್ರವಾಸದ ಬಗೆಗಲ್ಲ; ವಿಮಾನ ಮತ್ತು ರಸ್ತೆಯ ಆಯಾಸದ ಮರುದಿನವೇ, ನಿದ್ರೆಗೆಟ್ಟ ಕಣ್ಣುಗಳಲ್ಲಿ, ಮೂರು ಸ್ಥಳಗಳನ್ನೂ ಒಂದೇ ಹಗಲಿಗೆ ತುರುಕುವ ಅವಸರದ ಬಗೆಗೆ. ನಡುವೆ ಒಂದು ರಾತ್ರಿ ಹೆಚ್ಚಿಗೆ ಗ್ಯಾಂಗ್‌ಟಾಕಿನಲ್ಲಿ ಕಳೆದರೆ ದೇಹ ಸ್ವಲ್ಪಮಟ್ಟಿಗಾದರೂ ಹೊಂದಿಕೊಳ್ಳುತ್ತದೆ. ಹೃದ್ರೋಗವಿರುವವರು ವೈದ್ಯರ ಸಲಹೆಯಿಲ್ಲದೆ ಹೊರಡಲೇಬಾರದು. ಇವು ಯಾವ ಪ್ರವಾಸ ಪಟ್ಟಿಯಲ್ಲಿಯೂ ಅಚ್ಚಾಗುವುದಿಲ್ಲ.

ಆ ದಿನದ ತಾಸುಗಳನ್ನು ಖಾತೆವಾರು ಬರೆದು ನೋಡಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಗ್ಯಾಂಗ್‌ಟಾಕಿನಿಂದ ಸರೋವರಕ್ಕೆ ಇರುವುದು ಸುಮಾರು 40 ಕಿಲೋಮೀಟರು. ಗಡಿರಸ್ತೆ ಸಂಸ್ಥೆಯ ಸ್ವಸ್ತಿಕ್ ಯೋಜನೆಯವರು ನಿರ್ವಹಿಸುವ, ಸೇನೆಯ ವಾಹನಗಳು ಸತತವಾಗಿ ಸಂಚರಿಸುವ ಜವಾಹರಲಾಲ್ ನೆಹರೂ ರಸ್ತೆಯದು. 1958ರಲ್ಲಿ ನೆಹರೂ ಅವರು ಭೂತಾನಕ್ಕೆ ಹೋಗುವಾಗ ಇದೇ ನಾಥು ಲಾ ಮಾರ್ಗವಾಗಿ ಸಾಗಿದ್ದರು. ವಾಹನ ಹೊರಡುವುದು ಬೆಳಿಗ್ಗೆ ಎಂಟೋ ಒಂಬತ್ತೋ; ತನಿಖಾ ಠಾಣೆಯಲ್ಲಿ ಕಾಯುವಿಕೆ; ಏರು ಹಾದಿಯಲ್ಲಿ ಎರಡು ತಾಸು; ನಡುವೆ ಬಾಡಿಗೆಯ ಬೂಟು, ಕೋಟುಗಳಿಗಾಗಿ ನಿಲುಗಡೆ. ಮಧ್ಯಾಹ್ನ ಮಂಜು ಕವಿಯುವ ಮೊದಲು ಮರಳಬೇಕೆಂಬ ಆತುರ ಚಾಲಕನಿಗೆ. ಮೂರು ಸ್ಥಳಗಳನ್ನು ಮುಗಿಸಬೇಕಾದ ತಂಡಕ್ಕೆ ಸರೋವರದ ದಡದಲ್ಲಿ ದೊರೆಯುವುದು ಮುಕ್ಕಾಲು ತಾಸು, ಹೆಚ್ಚೆಂದರೆ ಒಂದು ತಾಸು. ಅದರಲ್ಲಿ ಚಮರೀಮೃಗದ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳುವುದಕ್ಕೆ ಕಾಲು ತಾಸು, ಬಿಸಿ ಮೊಮೊ ಮತ್ತು ಚಹಕ್ಕೆ ಕಾಲು ತಾಸು. ಯಾವುದಕ್ಕಾಗಿ ಎರಡು ಸಾವಿರ ಕಿಲೋಮೀಟರು ದಾಟಿ ಬಂದದ್ದೋ ಆ ನೀರನ್ನು ಸುಮ್ಮನೆ ನಿಂತು ನೋಡಲು ಉಳಿಯುವುದು ಹತ್ತು ನಿಮಿಷ.

ನೋಡುವುದಕ್ಕೆ ಏನಿಲ್ಲವೆಂದಲ್ಲ. ಸುತ್ತಲಿನ ಕಡಿದಾದ ಬೆಟ್ಟಗಳಿಂದ ಕರಗಿ ಇಳಿಯುವ ಹಿಮವೇ ಈ ಅಂಡಾಕಾರದ ಸರೋವರದ ಮೂಲಧನ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಬಿಳಿಯ ಬಯಲಾಗುತ್ತದೆ. ಬೇಸಿಗೆಯ ಆರಂಭದಲ್ಲಿ ಅಂಚಿನಿಂದ ಕರಗತೊಡಗಿ, ಮುಂದೆ ಸುತ್ತಲಿನ ಇಳಿಜಾರುಗಳಲ್ಲಿ ರೋಡೋಡೆಂಡ್ರಾನ್ ಮತ್ತು ಪ್ರಿಮುಲಾ ಹೂಗಳು ಅರಳುತ್ತವೆ. ಹಿಂದಿನ ಕಾಲದಲ್ಲಿ ಲಾಮಾಗಳು ಈ ನೀರಿನ ಬಣ್ಣ ನೋಡಿ ಭವಿಷ್ಯ ನುಡಿಯುತ್ತಿದ್ದರೆಂಬ ಪ್ರತೀತಿ ಇದೆ. ಕಪ್ಪಾಗಿ ಕಂಡರೆ ಆ ವರ್ಷ ಕೇಡಿನದು. ಮಾರುಕಟ್ಟೆಯ ಮುಂಗಾಣ್ಕೆಗೆ ಇಂದು ಬಳಸುವ ಕೆಲವು ವಿಧಾನಗಳಿಗಿಂತ ಇದು ತೀರ ಕಡಿಮೆಯದೇನಲ್ಲ. ಭಾರತೀಯ ಅಂಚೆ ಇಲಾಖೆ 2006ರಲ್ಲಿ ಹಿಮಾಲಯದ ಸರೋವರಗಳ ಕುರಿತು ಹೊರಡಿಸಿದ ಅಂಚೆಚೀಟಿಗಳಲ್ಲಿ ಛಾಂಗು ಕೂಡ ಸೇರಿತ್ತು.

ಅವಸರದ ಬೆಲೆ ಕೆಲವೊಮ್ಮೆ ಹತ್ತು ನಿಮಿಷಗಳಲ್ಲಿ ತೀರುವುದಿಲ್ಲ. 2018ರ ಡಿಸೆಂಬರ್ 28ರಂದು ಹಠಾತ್ತನೆ ಸುರಿದ ಹಿಮದಿಂದಾಗಿ ನಾಥು ಲಾದಿಂದ ಹಿಂದಿರುಗುತ್ತಿದ್ದ ನೂರಾರು ವಾಹನಗಳು ಸಿಕ್ಕಿಕೊಂಡು, ಎರಡು ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ಸೇನೆಯವರು ರಾತ್ರೋರಾತ್ರಿ ರಕ್ಷಿಸಿ ತಮ್ಮ ಬಿಡಾರಗಳಲ್ಲಿ ಮಲಗಿಸಬೇಕಾಯಿತು. 2023ರ ಮಾರ್ಚ್‌ನಲ್ಲಿಯೂ ನೂರಾರು ಮಂದಿ ಇದೇ ರೀತಿ ಸಿಲುಕಿದ್ದರು. ಮರುತಿಂಗಳು, ಏಪ್ರಿಲ್ 4ರಂದು, ಇದೇ ರಸ್ತೆಯ 15ನೆಯ ಮೈಲಿಯ ಬಳಿ ಹಿಮರಾಶಿ ಕುಸಿದು ಏಳು ಮಂದಿ ಪ್ರವಾಸಿಗರು ಮೃತಪಟ್ಟರು. ಅಂದು ಅನುಮತಿ ಇದ್ದದ್ದು 13ನೆಯ ಮೈಲಿಯವರೆಗೆ ಮಾತ್ರ, ಅದನ್ನು ಮೀರಿ ಮುಂದೆ ಹೋಗಲಾಗಿತ್ತು ಎಂದು ಅಧಿಕಾರಿಗಳು ಆಗ ತಿಳಿಸಿದ್ದರು.

ಆ ಎರಡು ಮೈಲಿಗಳ ಬಗೆಗೆ ವ್ಯಾಪಾರಸ್ಥರು ಸ್ವಲ್ಪ ನಿಧಾನವಾಗಿ ಯೋಚಿಸುವುದು ಒಳಿತು. ನಿಗದಿತ ಗಡಿಯನ್ನು ಮೀರಿ ವಾಹನಗಳು ಏಕೆ ಮುಂದೆ ಹೋಗುತ್ತವೆ? ಚಾಲಕನಿಗೆ ಆ ರಸ್ತೆ ಗೊತ್ತು. ಹಿಮದ ಗುಣ ಗೊತ್ತು. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಗೊತ್ತಿರುವುದು ಕೊಟ್ಟ ಹಣ ಮಾತ್ರ. ‘ಇಷ್ಟು ದೂರ ಬಂದು ಹಿಮ ಮುಟ್ಟದೆ ಹೋಗುವುದೆ?’, ‘ಪಟ್ಟಿಯಲ್ಲಿ ಬರೆದ ಸ್ಥಳ ತೋರಿಸದಿದ್ದರೆ ಹಣ ಕಡಿತ ಮಾಡುತ್ತೇವೆ’ ಎಂಬ ಮಾತುಗಳು ಇಂತಹ ಪ್ರವಾಸಗಳಲ್ಲಿ ಅಪರೂಪವಲ್ಲ. ಏಜೆಂಟನ ಬಾಕಿ ಬಿಲ್ಲನ್ನು ತಡೆಹಿಡಿಯುವ ಅಧಿಕಾರ ತಯಾರಕ ಸಂಸ್ಥೆಯ ಕೈಯಲ್ಲಿದೆ. ಏಜೆಂಟನ ಒತ್ತಡ ಚಾಲಕನ ಮೇಲೆ ಬೀಳುತ್ತದೆ. ಚಾಲಕನ ಎದುರಿಗೆ ಇರುವುದು ಬೆಟ್ಟ. ಸರಕು ಸಾಗಣೆಯಲ್ಲಿ ಲಾರಿ ಚಾಲಕನಿಗೆ ‘ನಾಳೆ ಬೆಳಿಗ್ಗೆ ಆರಕ್ಕೆ ಮಾಲು ತಲುಪಲೇಬೇಕು’ ಎಂದು ಆಜ್ಞಾಪಿಸಿ, ನಂತರ ಅಪಘಾತದ ವಿಮೆಗಾಗಿ ಓಡಾಡಿದ ಅನುಭವ ಇರುವವರಿಗೆ ಈ ಸರಪಳಿ ಅರ್ಥವಾಗದ್ದಲ್ಲ. ಒಪ್ಪಂದಪತ್ರದಲ್ಲಿ ಒಂದೇ ಒಂದು ಸಾಲು ಸೇರಿಸಿದರೆ ಬಹಳಷ್ಟು ಬದಲಾಗುತ್ತದೆ: ಹವಾಮಾನ ಅಥವಾ ಅನುಮತಿಯ ಕಾರಣ ಚಾಲಕನು ಹಿಂದಿರುಗಿದಲ್ಲಿ ಪೂರ್ತಿ ಬಾಡಿಗೆ ಸಂದಾಯವಾಗತಕ್ಕದ್ದು. ಆ ಸಾಲಿನ ಬೆಲೆ ಒಂದು ವಾಹನದ ಒಂದು ದಿನದ ಬಾಡಿಗೆ.

ಅನುಮತಿ ಪತ್ರದ ವಿಷಯದಲ್ಲಿ ವರ್ತಕ ಸಮುದಾಯದ ಗೊಣಗಾಟ ಬಹಳ ಹಳೆಯದು. ಸ್ವದೇಶದಲ್ಲಿ, ಸ್ವಂತ ಖರ್ಚಿನಲ್ಲಿ, ಒಂದು ಸರೋವರ ನೋಡಲು ಭಾವಚಿತ್ರ, ಗುರುತಿನ ಚೀಟಿ, ನೋಂದಾಯಿತ ಏಜೆಂಟರ ಮೂಲಕ ಅರ್ಜಿ, ಪೊಲೀಸ್ ಅನುಮತಿ ಏಕೆ? ಎಂಟೊಂಬತ್ತು ಬಗೆಯ ಪರವಾನಗಿಗಳನ್ನು ಪಡೆದು ಕಾರ್ಖಾನೆ ನಡೆಸುವವನಿಗೆ ವಿಹಾರದಲ್ಲಿಯೂ ಪರವಾನಗಿ ಎಂದರೆ ಬೇಸರವಾಗುವುದು ಸಹಜವೇ. ಆದರೆ ಇದು ಚೀನಾದ ಗಡಿಗೆ ಹೋಗುವ ರಸ್ತೆ. ಪರದೇಶದ ಪ್ರವಾಸಿಗರನ್ನು ನಾಥು ಲಾಗೆ ಬಿಡುವುದಿಲ್ಲ. ಮೇಲಾಗಿ, ಯಾವ ವಾಹನದಲ್ಲಿ ಎಷ್ಟು ಮಂದಿ, ಯಾರು ಯಾರು ಮೇಲೆ ಹೋಗಿದ್ದಾರೆ ಎಂಬ ಪಟ್ಟಿ ಕೆಳಗಿನ ಠಾಣೆಯಲ್ಲಿ ಇರುವುದರಿಂದಲೇ ಹಿಮ ಬಿದ್ದ ರಾತ್ರಿ ಇನ್ನೆಷ್ಟು ಜನ ಬರಬೇಕಿದೆ ಎಂದು ಎಣಿಸಲು ಸಾಧ್ಯ. ಗೋದಾಮಿನಲ್ಲಿ ದಾಸ್ತಾನು ಪುಸ್ತಕ ಇಟ್ಟವನಿಗೆ ಈ ಪಟ್ಟಿಯ ಉಪಯೋಗ ಬೇರೆಯವರು ವಿವರಿಸಬೇಕಾಗಿಲ್ಲ.

ಹೊರಗಿನ ವಾಹನಗಳಿಗೆ ಈ ರಸ್ತೆಯಲ್ಲಿ ಪ್ರವಾಸಿಗರನ್ನು ಒಯ್ಯಲು ಅವಕಾಶವಿಲ್ಲ. ಸ್ಥಳೀಯ ನೋಂದಣಿಯ ಟ್ಯಾಕ್ಸಿಗಳನ್ನೇ ಹಿಡಿಯಬೇಕು. ಸ್ಪರ್ಧೆಯಿಲ್ಲದ ಕಡೆ ದರ ಏರುತ್ತದೆ ಎಂಬುದು ವಾಣಿಜ್ಯದ ಮೊದಲ ಪಾಠ. ಆದುದರಿಂದ ಇದನ್ನು ಏಕಸ್ವಾಮ್ಯವೆಂದು ಖಂಡಿಸುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಪ್ರವಾಸಿ ಋತುವಿನಲ್ಲಿ ದರದ ಚೌಕಾಸಿ ಸುಲಭವಲ್ಲ. ಬಾಡಿಗೆ, ಬೂಟು, ಚಮರೀಮೃಗದ ಸವಾರಿ ಯಾವುದಕ್ಕೂ ಸರಿಯಾದ ರಸೀದಿ ಸಿಗದೆ ಲೆಕ್ಕದ ಗುಮಾಸ್ತ ತಲೆ ಕೆರೆದುಕೊಳ್ಳಬೇಕಾಗುತ್ತದೆ. ರಸೀದಿ ನೀಡುವ ಪದ್ಧತಿಯನ್ನು ಅಲ್ಲಿನ ಸಂಘಗಳು ಬಿಗಿಗೊಳಿಸುವುದು ಅವರಿಗೂ ಹಿತ. ಆದರೂ ಮೂಲ ನಿಯಮವನ್ನು ತಪ್ಪೆನ್ನಲಾಗದು. ಸಿಲಿಗುರಿಯ ಬಯಲಿನ ಚಾಲಕನೊಬ್ಬ ಮಂಜಿನ ತಿರುವಿನಲ್ಲಿ ಸೇನೆಯ ಟ್ರಕ್ಕಿಗೆ ದಾರಿ ಬಿಡಲು ಹಿಂದೆ ಸರಿಯುವ ಸಂದರ್ಭವನ್ನು ಕಲ್ಪಿಸಿಕೊಂಡರೆ ಸಾಕು. ಹಿಮದ ಗಡಿಯಲ್ಲಿ ಬೇರೆ ಉದ್ಯಮವಿಲ್ಲದ ಜನರಿಗೆ ಈ ಹಗಲಿನ ಪ್ರವಾಸವೇ ಕೃಷಿ, ಅದೇ ಕಾರ್ಖಾನೆ.

ಈ ಸಂದರ್ಭದಲ್ಲಿ ಕೇಳಿಬರುವ ಇನ್ನೊಂದು ಮಾತು ತೆರಿಗೆಯದು. ‘ಆ ಚಾಲಕ ಆದಾಯ ತೆರಿಗೆ ಕಟ್ಟುವುದಿಲ್ಲವಂತೆ’ ಎಂದು ಬಸ್ಸಿನಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ನಿಟ್ಟುಸಿರು ಬಿಡುತ್ತಾರೆ. ಸಂಗತಿ ನಿಜ, ಆದರೆ ಅದಕ್ಕೆ ಇತಿಹಾಸವಿದೆ. 1975ರಲ್ಲಿ ಸಿಕ್ಕಿಂ ಭಾರತದೊಡನೆ ವಿಲೀನವಾದಾಗ ಸಂವಿಧಾನದ 371ಎಫ್ ವಿಧಿಯಡಿ ಅಲ್ಲಿನ ಹಳೆಯ ಕಾನೂನುಗಳಿಗೆ ರಕ್ಷಣೆ ದೊರೆಯಿತು. 2008ರಲ್ಲಿ, 1961ರ ಆದಾಯ ತೆರಿಗೆ ಕಾಯ್ದೆಗೆ 10(26ಎಎಎ) ಎಂಬ ಉಪಕಲಮನ್ನು ಸೇರಿಸಿ, ಸಿಕ್ಕಿಮೀಯರು ಆ ರಾಜ್ಯದಲ್ಲಿ ಗಳಿಸುವ ಆದಾಯಕ್ಕೆ ಹಿಂದಿನಿಂದಲೇ ಅನ್ವಯವಾಗುವಂತೆ ವಿನಾಯಿತಿ ನೀಡಲಾಯಿತು. ವಿಲೀನಕ್ಕೂ ಮೊದಲೇ ಅಲ್ಲಿ ನೆಲೆಸಿದ್ದ, ಹೆಚ್ಚಾಗಿ ವರ್ತಕರೇ ಆಗಿದ್ದ ಭಾರತೀಯ ಕುಟುಂಬಗಳು ಇದರಿಂದ ಹೊರಗುಳಿದಿದ್ದವು. ಅವರ ಸಂಘ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2023ರ ಜನವರಿ 13ರಂದು ತಮ್ಮ ಪರ ತೀರ್ಪು ಪಡೆಯಿತು. ಸಿಕ್ಕಿಮೀಯರಲ್ಲದವರನ್ನು ವಿವಾಹವಾದ ಮಹಿಳೆಯರಿಗೆ ವಿನಾಯಿತಿ ನಿರಾಕರಿಸುತ್ತಿದ್ದ ಷರತ್ತನ್ನೂ ಅದೇ ತೀರ್ಪು ತೆಗೆದುಹಾಕಿತು. ದೂರದ ಊರಿನಲ್ಲಿ ಅಂಗಡಿ ಇಟ್ಟ ವರ್ತಕರು ಹದಿನೈದು ವರ್ಷ ಕಾದು ಪಡೆದ ಈ ನ್ಯಾಯ ಇಲ್ಲಿನ ವರ್ತಕರ ನಿಟ್ಟುಸಿರಿಗಿಂತ ಹೆಚ್ಚು ಗಮನಾರ್ಹ.

ಸರೋವರದ ನಿರ್ವಹಣೆಗೂ ಒಂದು ಲೆಕ್ಕವಿದೆ. ದಡದ ಅಂಗಡಿಕಾರರು, ಪಂಚಾಯತ್ ಮತ್ತು ಅರಣ್ಯ ಇಲಾಖೆ ಸೇರಿದ ‘ಪೋಖರಿ ಸಂರಕ್ಷಣ ಸಮಿತಿ’ ಪ್ರವಾಸಿಗರಿಂದ ಅಲ್ಪ ಶುಲ್ಕ ಸಂಗ್ರಹಿಸಿ ಕಸ ತೆಗೆಸುತ್ತದೆ. ಸಿಕ್ಕಿಂ 1998ರಲ್ಲಿಯೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದ ರಾಜ್ಯ. 2022ರ ಜನವರಿ 1ರಿಂದ ಪ್ಲಾಸ್ಟಿಕ್ ಬಾಟಲಿಯ ಕುಡಿಯುವ ನೀರಿಗೂ ನಿಷೇಧ ಬಂತು. 2024ರಲ್ಲಿ ಪ್ರವಾಸಿ ವಾಹನಗಳು ಕಸದ ಚೀಲ ಇಟ್ಟುಕೊಳ್ಳುವುದನ್ನು ಕಡ್ಡಾಯಗೊಳಿಸಲಾಯಿತು. 2025ರ ಮಾರ್ಚ್‌ನಲ್ಲಿ ರಾಜ್ಯ ಪ್ರವೇಶಿಸುವ ಪ್ರತಿ ಪ್ರವಾಸಿಗೆ 50 ರೂಪಾಯಿಗಳ ಶುಲ್ಕ ವಿಧಿಸಲಾಯಿತು. ಬಾಟಲಿ ಮತ್ತು ಪ್ಯಾಕಿಂಗ್ ಸಾಮಗ್ರಿಗಳ ತಯಾರಕರಿಗೆ ಇಂತಹ ನಿಷೇಧಗಳು ರುಚಿಸಲಾರವು. ಆದರೆ ಹನ್ನೆರಡು ಸಾವಿರ ಅಡಿಯ ಚಳಿಯಲ್ಲಿ ಕಸ ಕೊಳೆಯುವುದಿಲ್ಲ, ಅದನ್ನು ಹೊತ್ತು ಕೆಳಗಿಳಿಸುವ ವೆಚ್ಚ ಬಾಟಲಿಯ ಬೆಲೆಯಲ್ಲಿ ಸೇರಿರುವುದಿಲ್ಲ. ಆ ವೆಚ್ಚವನ್ನು ಇಷ್ಟು ಕಾಲ ಬೇರೆ ಯಾರೋ ಭರಿಸುತ್ತಿದ್ದರು. ಐವತ್ತು ರೂಪಾಯಿ ಅದರ ಒಂದು ಕಂತು. ಎತ್ತರದ ಸರೋವರಗಳು ಅಲಂಕಾರದ ವಸ್ತುಗಳಲ್ಲ ಎಂಬುದನ್ನು ಅದೇ ರಾಜ್ಯದ ಉತ್ತರದಲ್ಲಿ 2023ರ ಅಕ್ಟೋಬರ್ 4ರಂದು ದಕ್ಷಿಣ ಲೋನಾಕ್ ಸರೋವರ ಒಡೆದು, 1,200 ಮೆಗಾವ್ಯಾಟ್ ಸಾಮರ್ಥ್ಯದ ತೀಸ್ತಾ-3 ಯೋಜನೆಯ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋದಾಗ ದೇಶ ಕಂಡಿದೆ.

ವರ್ತಕನಾದವನು ಈ ಹಾದಿಯಲ್ಲಿ ಸರೋವರಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಹಾದಿಯನ್ನೇ. ಲಾಸಾದಿಂದ ಕಾಲಿಂಪಾಂಗ್‌ವರೆಗೆ ಉಣ್ಣೆ ಹೊತ್ತ ಹೇಸರಗತ್ತೆಗಳ ಸಾಲು ನಡೆದ ಪ್ರದೇಶವಿದು. 1962ರ ಯುದ್ಧದೊಡನೆ ಮುಚ್ಚಿದ ನಾಥು ಲಾ ವ್ಯಾಪಾರಕ್ಕಾಗಿ ಮತ್ತೆ ತೆರೆದದ್ದು 44 ವರ್ಷಗಳ ನಂತರ, 2006ರ ಜುಲೈ 6ರಂದು. ಭಾರತದ ಕಡೆ ಶೇರಾಥಾಂಗ್‌ನಲ್ಲಿ ಮಾರುಕಟ್ಟೆ ಸ್ಥಾಪಿತವಾಯಿತು. ರಫ್ತಿಗೆ 29, ಆಮದಿಗೆ 15 ವಸ್ತುಗಳ ಪಟ್ಟಿ ನಿಗದಿಯಾಗಿತ್ತು. 2012ರಲ್ಲಿ ಇನ್ನಷ್ಟು ವಸ್ತುಗಳು ಸೇರಿದವು. ಆ ರಫ್ತು ಪಟ್ಟಿಯಲ್ಲಿ ಕಾಫಿ ಇತ್ತು, ಸಾಂಬಾರ ಪದಾರ್ಥಗಳಿದ್ದವು; ಆಮದಿನ ಪಟ್ಟಿಯಲ್ಲಿ ಕಚ್ಚಾ ರೇಷ್ಮೆ, ಚಮರೀಮೃಗದ ಬಾಲ, ಬೊರಾಕ್ಸ್ ಇದ್ದವು. ಕೊಡಗು, ಚಿಕ್ಕಮಗಳೂರಿನ ಬೆಳೆ ಮತ್ತು ರಾಮನಗರದ ಮಾರುಕಟ್ಟೆಯ ಸರಕು ಎರಡೂ ಹದಿನಾಲ್ಕು ಸಾವಿರ ಅಡಿಯ ಒಂದು ಸರ್ಕಾರಿ ಪಟ್ಟಿಯಲ್ಲಿ ಎದುರುಬದುರಾಗಿ ಕುಳಿತಿದ್ದುದು ಸ್ವಾರಸ್ಯಕರ. ವ್ಯಾಪಾರ ಮೇಯಿಂದ ನವೆಂಬರ್‌ವರೆಗೆ, ವಾರಕ್ಕೆ ನಾಲ್ಕು ದಿನ ಮಾತ್ರ. 2020ರಲ್ಲಿ ಅದೂ ನಿಂತಿತು. 2025ರ ಆಗಸ್ಟ್‌ನಲ್ಲಿ ನಾಥು ಲಾ, ಲಿಪುಲೇಖ್ ಮತ್ತು ಶಿಪ್ಕಿ ಲಾ ಮೂಲಕ ಗಡಿ ವ್ಯಾಪಾರವನ್ನು ಪುನರಾರಂಭಿಸಲು ಎರಡೂ ದೇಶಗಳು ಒಪ್ಪಿದವು. ಡೀಲರುಗಳ ತಂಡದಲ್ಲಿ ಒಬ್ಬರಾದರೂ ಶೇರಾಥಾಂಗ್ ಎಲ್ಲಿ ಎಂದು ಚಾಲಕನನ್ನು ಕೇಳಿದರೆ ಪ್ರವಾಸದ ಖರ್ಚಿನಲ್ಲಿ ಒಂದು ಪಾಲು ಗಿಟ್ಟಿದಂತೆ.

ಇನ್ನು ಹೆಚ್ಚುವರಿ ಒಂದು ರಾತ್ರಿಯ ಪ್ರಶ್ನೆ. 2022ರ ಜುಲೈ 1ರಿಂದ ಜಾರಿಗೆ ಬಂದು, 1961ರ ಕಾಯ್ದೆಯಲ್ಲಿ 194ಆರ್ ಎಂಬ ಸಂಖ್ಯೆಯಿಂದ ಪರಿಚಿತವಾದ ನಿಯಮದ ಪ್ರಕಾರ, ವ್ಯವಹಾರದ ನಿಮಿತ್ತ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿ ಮೀರಿದ ಸೌಲಭ್ಯ ನೀಡಿದರೆ ಶೇಕಡ 10ರಷ್ಟು ತೆರಿಗೆಯನ್ನು ಮೂಲದಲ್ಲಿ ಕಡಿತಗೊಳಿಸಬೇಕು. ಸೌಲಭ್ಯ ವಸ್ತುರೂಪದಲ್ಲಿದ್ದರೆ ತೆರಿಗೆ ಸಂದಾಯವಾದುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆಗಳು ಬದಲಾಗಿರುವುದನ್ನು ಸದಸ್ಯರು ಗಮನಿಸಬೇಕು. ಈ ಮಿತಿಯೊಳಗೆ ಉಳಿಯುವ ಆಸೆಯಿಂದ ವಿಶ್ರಾಂತಿಯ ರಾತ್ರಿಯನ್ನೇ ಕತ್ತರಿಸುವ ಲೆಕ್ಕಾಚಾರ ಕೆಲವೆಡೆ ಕೇಳಿಬರುತ್ತದೆ. ಅದು ಹುರುಳಿಲ್ಲದ ಉಳಿತಾಯ. ಮಿತಿ ಇರುವುದು ಪ್ರವಾಸಕ್ಕಲ್ಲ, ಇಡೀ ವರ್ಷಕ್ಕೆ; ದೀಪಾವಳಿಯ ಬೆಳ್ಳಿ ನಾಣ್ಯ, ಯೋಜನೆಯ ಬಹುಮಾನ ಎಲ್ಲವೂ ಅದರಲ್ಲಿ ಸೇರುವುದರಿಂದ ಉತ್ತಮ ಡೀಲರನ ವಿಷಯದಲ್ಲಿ ಅದು ದಾಟಿಯೇ ಇರುತ್ತದೆ. ಒಂದು ರಾತ್ರಿಯ ವಸತಿಗೆ ತಲೆಗೆ 4,000 ರೂಪಾಯಿ ಎಂದು ಉದಾಹರಣೆಗೆ ಹಿಡಿದರೆ ಹೆಚ್ಚುವ ಕಡಿತ 400 ರೂಪಾಯಿ. ಅದೂ ಡೀಲರನ ಖಾತೆಯಲ್ಲಿ ಜಮೆಯಾಗುವ ತೆರಿಗೆ.

ಗುರಿ ಮುಟ್ಟಿದವರ ವಿಹಾರವಲ್ಲದೆ, ಹೊಸ ಉತ್ಪನ್ನದ ಪರಿಚಯ, ತಾಂತ್ರಿಕ ತರಬೇತಿಗಳಿಗಾಗಿ ನಿಜವಾಗಿ ಸಮ್ಮೇಳನ ನಡೆಸುವ ಸಂಸ್ಥೆಗಳಿಗೆ ಇನ್ನೂ ಒಂದು ಅನುಕೂಲವಿದೆ. ಸಮ್ಮೇಳನದ ಹಿಂದಿನ ಒಂದು ದಿನ ಮತ್ತು ನಂತರದ ಒಂದು ದಿನದ ವಾಸ್ತವ್ಯವನ್ನು ಹೆಚ್ಚುವರಿ ತಂಗುವಿಕೆಯೆಂದು ಪರಿಗಣಿಸುವುದಿಲ್ಲವೆಂದು ನೇರ ತೆರಿಗೆ ಮಂಡಳಿ 2022ರ ಸೆಪ್ಟೆಂಬರ್‌ನ ತನ್ನ 18ನೆಯ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತ್ತು. ವಿಹಾರದ ಭಾಗ ಮತ್ತು ಕುಟುಂಬದವರ ಖರ್ಚು ಮಾತ್ರ ಸೌಲಭ್ಯವೆಂದೇ ಗಣನೆಗೆ ಬರುತ್ತದೆ. ಸರೋವರವನ್ನು ಸಮ್ಮೇಳನವೆಂದು ಬರೆದುಕೊಳ್ಳುವ ಜಾಣತನ ಬೇಡ. ಆದರೆ ಬಂದಿಳಿದ ಮರುದಿನ ಸಭೆ, ಅದರ ಮರುದಿನ ಸರೋವರ ಎಂದು ಕ್ರಮವನ್ನು ಅದಲುಬದಲು ಮಾಡುವುದಕ್ಕೆ ಯಾವ ಸುತ್ತೋಲೆಯ ಅಡ್ಡಿಯೂ ಇಲ್ಲ. ಮೂರನೆಯ ದಿನದ ನಗರ ದರ್ಶನವನ್ನು ಎರಡನೆಯ ದಿನಕ್ಕೆ ತಂದರೆ ಹೆಚ್ಚುವರಿ ರಾತ್ರಿಯೂ ಬೇಕಾಗದು, ಒಂದು ಪೈಸೆಯೂ ಹೆಚ್ಚಾಗದು. ಇಷ್ಟು ಸರಳವಾದ ಬದಲಾವಣೆ ಪಟ್ಟಿಗಳಲ್ಲಿ ಏಕೆ ಕಾಣುವುದಿಲ್ಲವೆಂದರೆ, ಪ್ರಸಿದ್ಧವಾದುದನ್ನು ಮೊದಲು ತೋರಿಸಿ ಮುಗಿಸುವುದು ಏಜೆಂಟರ ಅಭ್ಯಾಸ. ಹವಾಮಾನ ಕೆಟ್ಟರೆ ಮರುದಿನ ಇನ್ನೊಮ್ಮೆ ಪ್ರಯತ್ನಿಸಬಹುದೆಂಬ ಅವರ ವಾದವನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ಆ ಅನುಕೂಲವೂ ಉಳಿಯಬೇಕೆಂದರೆ ಮಾತ್ರ ಹೆಚ್ಚುವರಿ ರಾತ್ರಿ ಅನಿವಾರ್ಯ.

‘ದೇಶ ಸುತ್ತು, ಇಲ್ಲವೇ ಕೋಶ ಓದು’ ಎಂಬ ಗಾದೆಯಲ್ಲಿ ಕೋಶವೆಂದರೆ ಗ್ರಂಥ. ವರ್ತಕರು ಅದನ್ನು ಬೊಕ್ಕಸವೆಂದು ಓದಿಕೊಂಡು ಎರಡನ್ನೂ ಒಟ್ಟಿಗೇ ಮಾಡಬಹುದು. ವಿಶ್ರಾಂತಿಯ ದಿನ ಗ್ಯಾಂಗ್‌ಟಾಕಿನ ಲಾಲ್ ಬಜಾರ್‌ನಲ್ಲಿ ಒಂದು ಸುತ್ತು ಹಾಕಿದರೆ ದೊಡ್ಡ ಏಲಕ್ಕಿಯ ವ್ಯಾಪಾರ ಕಣ್ಣಿಗೆ ಬೀಳುತ್ತದೆ. ದೇಶದಲ್ಲಿ ಅದನ್ನು ಅತಿ ಹೆಚ್ಚು ಬೆಳೆಯುವ ರಾಜ್ಯ ಸಿಕ್ಕಿಂ. ಮಲೆನಾಡಿನ ಹಸಿರು ಏಲಕ್ಕಿಯನ್ನೇ ಕಂಡ ಸಕಲೇಶಪುರದವರಿಗೆ, ಏಲಕ್ಕಿ ಹಾರದ ಊರಾದ ಹಾವೇರಿಯವರಿಗೆ, ಹೊಗೆಯಲ್ಲಿ ಒಣಗಿಸಿದ ಆ ಕಂದು ಕಾಯಿಗಳ ಘಾಟು ಬೇರೆಯೇ ಲೋಕ. ವಾಹನಗಳಿಗೆ ಪ್ರವೇಶವಿಲ್ಲದ, ಉಗುಳಿದರೆ ದಂಡ ಬೀಳುವ ಮಹಾತ್ಮಾ ಗಾಂಧಿ ಮಾರ್ಗದಲ್ಲಿ ಅಂಗಡಿಗಳ ವಹಿವಾಟು ಹೇಗಿದೆ ಎಂಬುದನ್ನು, ಪೇಟೆ ಬೀದಿಯಲ್ಲಿ ಪಾರ್ಕಿಂಗ್ ತೆಗೆದರೆ ಗಿರಾಕಿಗಳೇ ಬರುವುದಿಲ್ಲವೆಂದು ಪುರಸಭೆಗೆ ಮನವಿ ಸಲ್ಲಿಸುವ ವರ್ತಕ ಸಂಘಗಳವರು ಒಂದು ಸಂಜೆ ಕುಳಿತು ನೋಡುವುದು ಉಚಿತ.

ಮುಂದಿನ ಋತುವಿಗೆ ಪಟ್ಟಿ ತಯಾರಿಸುವವರು ಮೂರು ಸಣ್ಣ ಸಂಗತಿಗಳನ್ನು ಮರೆಯಬಾರದು. ಸೋಮವಾರ ಮತ್ತು ಮಂಗಳವಾರಗಳಂದು ನಾಥು ಲಾಗೆ ಪ್ರವಾಸಿಗರ ಪ್ರವೇಶವಿಲ್ಲ. ಸರೋವರದ ದಿನವನ್ನು ಬೇಕೆಂದೇ ಇವುಗಳಲ್ಲೊಂದಕ್ಕೆ ಇಟ್ಟರೆ ಮೂರು ಸ್ಥಳಗಳ ಹಟ ತಾನಾಗಿ ಇಳಿದು, ದಡದಲ್ಲಿ ಎರಡು ತಾಸು ದೊರೆಯುತ್ತದೆ. ಪ್ರತಿ ಡೀಲರನಿಂದ ಭಾವಚಿತ್ರ ಮತ್ತು ಮತದಾರರ ಗುರುತಿನ ಚೀಟಿಯ ಪ್ರತಿಯನ್ನು ಹೊರಡುವ ಮೊದಲೇ ಪಡೆದಿಡಬೇಕು. ಬ್ಯಾಂಕು, ತೆರಿಗೆ ಕಚೇರಿ, ನೋಂದಣಿ ಇಲಾಖೆ ಎಲ್ಲೆಡೆ ವ್ಯಾಪಾರಿಯ ಪ್ರಾಣವಾಗಿರುವ ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲ. ಆ ಅನುಮತಿಗೆ ಅದು ನಡೆಯುವುದಿಲ್ಲ.